ಹಿಟಾಚಿಯ ಒಳಮಾತು: ಗೌರಿಬಿದನೂರು ಸೀಮೆಯಲ್ಲಿ ಯಂತ್ರದೋಷ ಪತ್ತೆಯ ಚರಿತ್ರೆ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಆಡುಮಾತಿನಲ್ಲಿ, ಕಬ್ಬಿಣದ ಚೈನಿನ ಮೇಲೆ ನಡೆದು ಸುತ್ತಲೂ ತಿರುಗುತ್ತ ಅಗೆಯುವ ಯಂತ್ರವು ಯಾವ ಕಂಪನಿಯದಾದರೂ ‘ಹಿಟಾಚಿ’ ಎನಿಸಿಕೊಳ್ಳುತ್ತದೆ. ರಬ್ಬರ್ ಚಕ್ರಗಳ ಮೇಲೆ ಓಡಾಡುವ, ಮುಂದೆ ಲೋಡರ್, ಹಿಂದೆ ಅಗೆಯುವ ತೋಳು ಇರುವ ಯಂತ್ರವು ‘ಜೆಸಿಬಿ’ ಎನಿಸಿಕೊಳ್ಳುತ್ತದೆ. ಈ ಹೆಸರುಗಳ ಹಿಂದೆ ಕೈಗಾರಿಕೆಯ ಒಂದು ಚರಿತ್ರೆಯೇ ಇದೆ. ಜೆಮ್‌ಶೆಡ್‌ಪುರದಲ್ಲಿ 1961ರಿಂದ ಅಗೆತದ ಯಂತ್ರಗಳನ್ನು ತಯಾರಿಸುತ್ತಿದ್ದ ಟಾಟಾ ಸಂಸ್ಥೆಯು 1984ರಲ್ಲಿ ಜಪಾನಿನ ಹಿಟಾಚಿಯೊಡನೆ ತಾಂತ್ರಿಕ ಒಪ್ಪಂದ ಮಾಡಿಕೊಂಡಿತು. ಮುಂದೆ ಧಾರವಾಡದಲ್ಲಿಯೂ ಅದರ ಕಾರ್ಖಾನೆ ಬಂದಿತು. ಹೀಗೆ ಒಂದು ಜಪಾನೀ ಸಂಸ್ಥೆಯ ಹೆಸರು ಬಯಲುಸೀಮೆಯ ಕೆರೆಯಂಗಳದಲ್ಲಿ ಗುದ್ದಲಿ, ಹಾರೆಗಳಷ್ಟೇ ಸಹಜವಾದ ನಾಮಪದವಾಗಿ ನೆಲೆಗೊಂಡಿತು.

ಈ ಸೀಮೆಗೆ ಅಗೆತ ಹೊಸದಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಕಡೆಗೆ ಹರಿಯುವ ಉತ್ತರ ಪಿನಾಕಿನಿಯು ವರ್ಷವಿಡೀ ನೀರು ಕೊಡುವ ನದಿಯಲ್ಲವಾದ್ದರಿಂದ ಇಲ್ಲಿನ ಬೇಸಾಯ ಬಹುಮಟ್ಟಿಗೆ ಕೆರೆಗಳನ್ನೇ ನಂಬಿತ್ತು. ಮಣ್ಣು ಅಗೆಯುವ, ಕಲ್ಲು ಸೀಳುವ ಕಸುಬನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಭೋವಿ ಸಮುದಾಯದ ಶ್ರಮದಿಂದ ಎಷ್ಟೋ ಏರಿಗಳು ಎದ್ದವು. ಊರಿನ ನೀರಗಂಟಿಯು ತೂಬನ್ನೂ ಏರಿಯನ್ನೂ ಕಾಯುತ್ತಿದ್ದನು. ಏರಿಯ ಬುಡದಲ್ಲಿ ಕಾಣುವ ತೇವದಿಂದ ಅದರ ಒಡಲೊಳಗೆ ನೀರು ಎಲ್ಲಿ ದಾರಿ ಮಾಡಿಕೊಂಡಿದೆಯೆಂದು ಊಹಿಸುವುದು ಅಂಥವರ ವಿದ್ಯೆಯಾಗಿತ್ತು. ಹೊರಗೆ ಕಾಣುವ ಲಕ್ಷಣದಿಂದ ಒಳಗಿನ ಕೇಡನ್ನು ಗುರುತಿಸುವ ಆ ವಿದ್ಯೆಯನ್ನು ದೋಷಪತ್ತೆಯ ಚರಿತ್ರೆಯ ಮೊದಲ ಅಧ್ಯಾಯವೆಂದು ಎಣಿಸುವುದೇ ನ್ಯಾಯ.

ಗೌರಿಬಿದನೂರು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. 1964ರಲ್ಲಿ ಸ್ಥಾಪನೆಗೊಂಡು 1965ರ ಜನವರಿಯಿಂದ ಕೆಲಸ ಆರಂಭಿಸಿದ ಮಣ್ಣೆತ್ತುವ ಯಂತ್ರಗಳ ತಯಾರಕ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯು ಅದೇ ಜಿಲ್ಲೆಯ ಕೋಲಾರ ಚಿನ್ನದ ಗಣಿ ಪಟ್ಟಣದಲ್ಲಿ ತನ್ನ ಮುಖ್ಯ ಕಾರ್ಖಾನೆಯೊಂದನ್ನು ನಡೆಸುತ್ತ ಬಂದಿದೆ. ಅಗೆಯುವ ಹೈಡ್ರಾಲಿಕ್ ಯಂತ್ರವೆಂದರೆ, ಎಂಜಿನ್ನಿನ ಬಲದಿಂದ ಪಂಪು ಎಣ್ಣೆಯನ್ನು ಒತ್ತಡಕ್ಕೆ ಏರಿಸಿ, ಕವಾಟಗಳ ಮೂಲಕ ಸಿಲಿಂಡರುಗಳಿಗೆ ಹಾಯಿಸಿ, ಬೂಮು, ಆರ್ಮು, ಬಕೆಟ್ಟುಗಳನ್ನು ಆಡಿಸುವ ಏರ್ಪಾಡು. ಆ ಕಾಲದ ಮೆಕ್ಯಾನಿಕ್ಕನು ಪಂಪಿನ ಸದ್ದು ಕೇಳಿ, ಸುಟ್ಟ ಎಣ್ಣೆಯ ವಾಸನೆ ಹಿಡಿದು, ಫಿಲ್ಟರನ್ನು ಬಿಚ್ಚಿ ಲೋಹದ ಪುಡಿಯನ್ನು ಬೆರಳಲ್ಲಿ ತಿಕ್ಕಿ, ಕೊನೆಗೆ ಒತ್ತಡದ ಗೇಜು ಜೋಡಿಸಿ ದೋಷವನ್ನು ಕಂಡುಹಿಡಿಯುತ್ತಿದ್ದನು. ಕೆಟ್ಟದ್ದು ಯಾವುದೋ ಅದೇ ಲಕ್ಷಣವನ್ನೂ ತೋರಿಸುತ್ತಿತ್ತು.

ಈ ನಿಯಮವನ್ನು ಮುರಿದದ್ದು ಎಲೆಕ್ಟ್ರಾನಿಕ್ಸ್. ಹಿಟಾಚಿಯ ಇಎಕ್ಸ್ ಸರಣಿಯ ಯಂತ್ರಗಳಲ್ಲಿ ಎಂಜಿನ್ನಿನ ವೇಗಕ್ಕೂ ಪಂಪಿನ ಹರಿವಿಗೂ ಹೊಂದಾಣಿಕೆ ಮಾಡುವ ಕೆಲಸವನ್ನು ಕಂಟ್ರೋಲರುಗಳು, ಅಂದರೆ ಪುಟ್ಟ ಗಣಕಗಳು, ವಹಿಸಿಕೊಂಡವು. ಅವುಗಳ ಒಳಗನ್ನು ಓದಲು ‘ಡಾ. ಇಎಕ್ಸ್’ ಎಂಬ ಕೈಯಲ್ಲಿ ಹಿಡಿಯುವ ಉಪಕರಣ ಬಂದಿತು. ಇತ್ತ ಜರ್ಮನಿಯ ಬಾಷ್ ಸಂಸ್ಥೆಯು 1983ರಲ್ಲಿ ಕೈಗೆತ್ತಿಕೊಂಡು 1986ರಲ್ಲಿ ಪ್ರಕಟಿಸಿದ ‘ಕಂಟ್ರೋಲರ್ ಏರಿಯಾ ನೆಟ್‌ವರ್ಕ್’, ಚಿಕ್ಕದಾಗಿ ‘ಕ್ಯಾನ್’, ಎಂಬ ವ್ಯವಸ್ಥೆಯು ಕಾರುಗಳಿಂದ ಭಾರೀ ಯಂತ್ರಗಳಿಗೂ ಹರಡಿತು. ಎಂಜಿನ್, ಪಂಪು, ಮಾನಿಟರ್ ಮುಂತಾದವುಗಳ ಕಂಟ್ರೋಲರುಗಳು ಒಂದಕ್ಕೊಂದು ಬೇರೆ ಬೇರೆ ತಂತಿ ಎಳೆದುಕೊಳ್ಳದೆ, ಹೆಣೆದುಕೊಂಡ ಒಂದೇ ಜೋಡಿ ತಂತಿಯ ಮೇಲೆ ಸರದಿಯಂತೆ ಸಂದೇಶ ಕಳುಹಿಸುವುದೇ ಅದರ ಸಾರ. ಸುಮ್ಮನಿರುವಾಗ ಎರಡು ತಂತಿಗಳಲ್ಲಿಯೂ ಸುಮಾರು 2.5 ವೋಲ್ಟ್ ಇರುತ್ತದೆ; ಸಂದೇಶ ಸಾಗುವಾಗ ‘ಹೈ’ ತಂತಿ 3.5ರ ಕಡೆಗೆ ಏರಿದರೆ ‘ಲೋ’ ತಂತಿ 1.5ರ ಕಡೆಗೆ ಇಳಿಯುತ್ತದೆ. ಓದುವುದು ಇವೆರಡರ ಅಂತರವನ್ನು ಮಾತ್ರವಾದ್ದರಿಂದ, ಹೊರಗಿನಿಂದ ಎರಡಕ್ಕೂ ಸಮನಾಗಿ ತಗಲುವ ವಿದ್ಯುತ್ ಗದ್ದಲವು ಲೆಕ್ಕದಲ್ಲಿ ಕಳೆದುಹೋಗುತ್ತದೆ.

ಗದ್ದಲದ ನಡುವೆ ನಿಜವಾದ ಸಂಕೇತವನ್ನು ಹೆಕ್ಕುವ ಕೆಲಸ ಗೌರಿಬಿದನೂರಿಗೆ ಅದಕ್ಕೂ ಮುಂಚೆಯೇ ಪರಿಚಿತವಾಗಿತ್ತೆಂಬುದು ಗಮನಾರ್ಹ. 1965ರಲ್ಲಿ ಟ್ರಾಂಬೆಯ ಅಣುಶಕ್ತಿ ಸಂಸ್ಥೆಯು (ಇಂದಿನ ಭಾಭಾ ಅಣು ಸಂಶೋಧನಾ ಕೇಂದ್ರ) ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದಿಂದ ಇಲ್ಲಿ ಭೂಕಂಪಮಾಪಕಗಳ ಸಾಲೊಂದನ್ನು ಸ್ಥಾಪಿಸಿತು. ದೂರದ ಅಣುಸ್ಫೋಟದ ಅಲೆ ಒಂದೊಂದು ಮಾಪಕವನ್ನೂ ಒಂದೊಂದು ಗಳಿಗೆಗೆ ಮುಟ್ಟುತ್ತದೆ. ಆ ಕಾಲಾಂತರವನ್ನು ಸರಿಹೊಂದಿಸಿ ಎಲ್ಲವನ್ನೂ ಕೂಡಿಸಿದಾಗ ಅಲೆ ಎದ್ದು ಕಾಣುತ್ತದೆ, ಸ್ಥಳೀಯ ಗದ್ದಲ ಕುಗ್ಗುತ್ತದೆ. ಅಲ್ಲಿ ಕೂಡುವಿಕೆ, ಕ್ಯಾನ್ ತಂತಿಯಲ್ಲಿ ಕಳೆಯುವಿಕೆ, ಉದ್ದೇಶ ಒಂದೇ.

ಕ್ಯಾನ್ ತಂತಿಯಲ್ಲಿ ಸಂದೇಶ ತಪ್ಪುವ ಸಂಪರ್ಕದೋಷದ ತೊಡಕು ಇರುವುದು ಕಂಟ್ರೋಲರು ಕೊಡುವ ದೂರಿನ ಸ್ವರೂಪದಲ್ಲಿ. ಭಾರೀ ವಾಹನಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ‘ಜೆ1939’ ಎಂಬ ನಿಯಮಾವಳಿಯಲ್ಲಿ ಆ ದೂರನ್ನು ತಿಳಿಸುವ ದೋಷದ ಕೋಡ್‌ನಲ್ಲಿ ಎರಡು ಮುಖ್ಯ ಅಂಕಿಗಳಿವೆ: ಮೊದಲನೆಯದು ಯಾವ ಅಂಶದ ಬಗ್ಗೆ ದೂರು ಎಂಬುದನ್ನು, ಎರಡನೆಯದು ದೂರು ಎಂಥದ್ದು ಎಂಬುದನ್ನು ಹೇಳುತ್ತದೆ. ಈ ಎರಡನೆಯ ಅಂಕಿ 9 ಆಗಿದ್ದರೆ ಸಂದೇಶವು ಬರಬೇಕಾದ ವೇಳೆಗೆ ಬರುತ್ತಿಲ್ಲವೆಂದೂ, 19 ಆಗಿದ್ದರೆ ಬಂದ ಮಾಹಿತಿಯೇ ತಪ್ಪೆಂದೂ ಅರ್ಥ. ಆದರೆ ಈ ದೂರನ್ನು ದಾಖಲಿಸುವುದು ಸಂದೇಶಕ್ಕಾಗಿ ಕಾದು ಕುಳಿತ ಕಂಟ್ರೋಲರು. ಅದು ಬಹುಪಾಲು ಆರೋಗ್ಯವಾಗಿಯೇ ಇರುತ್ತದೆ. ಕೇಡು ಇರುವುದು ಮಾತಾಡದೆ ಹೋದದ್ದರಲ್ಲಿ, ಇಲ್ಲವೇ ನಡುವಿನ ತಂತಿಯಲ್ಲಿ. ತಾನು ಕಳುಹಿಸುವ ಸಂದೇಶಗಳಲ್ಲಿ ತಪ್ಪುಗಳ ಎಣಿಕೆ 255ನ್ನು ಮೀರಿದಾಗ ಕಂಟ್ರೋಲರು ಉಳಿದವಕ್ಕೆ ಅಡ್ಡಿಯಾಗದಂತೆ ತಂತಿಯಿಂದ ತಾನಾಗಿ ಹಿಂದೆ ಸರಿಯುವಂತೆ ಕ್ಯಾನ್ ರೂಪುಗೊಂಡಿರುವುದರಿಂದ, ಮೌನವಾಗಿರುವುದು ಸತ್ತಿದೆಯೆಂದೂ ಹೇಳಲಾಗದು. ಕೋಡನ್ನು ಓದಿದೊಡನೆ ದೂರಿತ್ತ ಕಂಟ್ರೋಲರನ್ನೇ ಬದಲಿಸುವುದು ಈ ಕಸುಬಿನ ಅತ್ಯಂತ ದುಬಾರಿ ತಪ್ಪು. ಸಾಲ ಮಾಡಿ ಯಂತ್ರ ಕೊಂಡ ಮಾಲೀಕನಿಗೆ ಅದು ಸಣ್ಣ ಪೆಟ್ಟಲ್ಲ.

ಈ ಸೀಮೆಯ ಕೆಲಸವೂ ತಂತಿಗಳಿಗೆ ಕಠಿಣವಾದದ್ದು. ಕಲ್ಲುಕ್ವಾರಿಗಳಲ್ಲಿ ಬಂಡೆ ಒಡೆಯುವ ಬ್ರೇಕರಿನ ನಡುಕವು ಕನೆಕ್ಟರುಗಳ ಪಿನ್ನುಗಳನ್ನು ಸಡಿಲಿಸುತ್ತದೆ. ಹೂಳೆತ್ತುವಾಗ ಕೆರೆಯ ಕೆಸರುನೀರು ಒಳಸೇರಿ ಪಿನ್ನುಗಳಿಗೆ ಹಸಿರು ಕಿಲುಬು ಕಟ್ಟುತ್ತದೆ. ಕೆಲಸವಿಲ್ಲದೆ ನಿಂತ ಯಂತ್ರದಲ್ಲಿ ಇಲಿಗಳು ವೈರಿನ ಸಿಪ್ಪೆ ಕಡಿಯುತ್ತವೆ. ಬ್ಯಾಟರಿ ಬಿಚ್ಚದೆ ಬಕೆಟ್ಟಿಗೆ ವೆಲ್ಡಿಂಗ್ ಮಾಡಿದರೆ ಆ ವಿದ್ಯುತ್ತು ಕಂಟ್ರೋಲರಿಗೇ ಹಾನಿ ಮಾಡಬಲ್ಲದು. 2021ರ ಏಪ್ರಿಲ್‌ನಿಂದ ಚಕ್ರವಿರುವ ನಿರ್ಮಾಣ ವಾಹನಗಳಿಗೆ ಹೊಗೆಯ ಹೊಸ ಮಿತಿಗಳು ಜಾರಿಗೆ ಬಂದು ಇಂಧನದ ನಿಯಂತ್ರಣವೂ ಎಲೆಕ್ಟ್ರಾನಿಕ್ ಆದ ಮೇಲೆ, ಜೆಸಿಬಿಯ ಬದುಕೂ ಈ ಎರಡು ತಂತಿಗಳಿಗೆ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಿತು. ಕೋಡನ್ನು ಪೂರ್ತಿ ಓದಬಲ್ಲ ತಂತ್ರಾಂಶವು ಯಂತ್ರ ತಯಾರಕರ ಮತ್ತು ಡೀಲರರ ಕೈಯಲ್ಲಿಯೇ ಉಳಿಯುವುದರಿಂದ ಊರಿನ ಮೆಕ್ಯಾನಿಕ್ಕನಿಗೆ ಅರ್ಧ ಬಾಗಿಲು ಮುಚ್ಚಿದಂತಾಗಿದೆ. ಇದು ಸರಿಹೋಗಬೇಕಾದ ಅನ್ಯಾಯ.

ಉಳಿದರ್ಧ ಬಾಗಿಲನ್ನು ತೆರೆಯಲು ಸಾಮಾನ್ಯ ಮಲ್ಟಿಮೀಟರೇ ಸಾಕು. ತಂತಿಜೋಡಿಯ ಎರಡೂ ತುದಿಗಳಲ್ಲಿ 120 ಓಮ್‌ಗಳ ಒಂದೊಂದು ರೋಧಕವಿರುವುದರಿಂದ, ಬ್ಯಾಟರಿ ಬಿಚ್ಚಿ ಹೈ ಮತ್ತು ಲೋ ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ತಂತಿ ಎಲ್ಲೋ ತುಂಡಾಗಿದೆ ಅಥವಾ ಒಂದು ರೋಧಕ ಕೈಬಿಟ್ಟಿದೆ. ಸೊನ್ನೆಯ ಹತ್ತಿರ ಬಂದರೆ ಎರಡೂ ತಂತಿ ಒಂದಕ್ಕೊಂದು ತಗಲಿವೆ. ಆಗ ಕಂಟ್ರೋಲರುಗಳನ್ನು ಒಂದೊಂದಾಗಿ ಬಿಚ್ಚುತ್ತ ಮತ್ತೆ ಅಳೆಯುತ್ತ ಹೋಗುತ್ತಾರೆ. ಬಂದುಹೋಗುವ ದೋಷವಾದರೆ ಆಪರೇಟರನ ಹೇಳಿಕೆಯೇ ಮೊದಲ ಸಾಕ್ಷ್ಯ: ಬೂಮು ಎತ್ತಿದಾಗ ನಿಂತಿತೋ, ಯಂತ್ರ ಬಿಸಿಯೇರಿದ ಮೇಲೆಯೋ, ಬ್ರೇಕರ್ ಹೊಡೆಯುವಾಗಲೋ? ಅದನ್ನು ಕೇಳಿಕೊಂಡು ಒಬ್ಬನು ಮೀಟರಿನ ಮೇಲೆ ಕಣ್ಣಿಟ್ಟು ಕುಳಿತರೆ, ಇನ್ನೊಬ್ಬನು ಯಂತ್ರದ ಕೆಳಗೆ ನುಸುಳಿ ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಅಲುಗಾಡಿಸುತ್ತಾನೆ. ಅಂಕಿ ಎಲ್ಲಿ ಕದಲುತ್ತದೆಯೋ ಅಲ್ಲಿಯೇ ಟೇಪು ಬಿಚ್ಚುತ್ತಾರೆ.