ಗಾಲಿಯ ಹಿಡಿತವೂ ಹಾದಿಯ ಮೈಯೂ

ಗಾಲಿ ಸುಖವಾಗಿ ಉರುಳಬೇಕಾದರೆ ರಸ್ತೆ ನುಣುಪಾಗಿರಬೇಕು. ಬೇಕೆಂದಾಗ ನಿಲ್ಲಬೇಕಾದರೆ ಒರಟಾಗಿರಬೇಕು. ಈ ಎರಡು ಅಪೇಕ್ಷೆಗಳ ವಿರೋಧವೇ ಆಧುನಿಕ ರಸ್ತೆಯ ಚರಿತ್ರೆಯಲ್ಲಿ ಬಹುಭಾಗವೆನ್ನಬಹುದು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಸ್ಕಾಟ್ಲೆಂಡಿನ ಜಾನ್ ಲೌಡನ್ ಮ್ಯಾಕಡಮ್ ಎಂಬಾತನು ಸಣ್ಣಗೆ ಒಡೆದ ಜಲ್ಲಿಯನ್ನು ಹರಡಿ, ಅದು ಬಂಡಿಗಳ ಭಾರದಿಂದಲೇ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುವಂತೆ ಮಾಡಿದನು. ಕಬ್ಬಿಣದ ಪಟ್ಟಿಯ ಗಾಲಿಗಳು ಕಲ್ಲನ್ನು ಅರೆಯುತ್ತಿದ್ದುವು. ಆ ಪುಡಿಯೇ ಸಂದುಗಳಲ್ಲಿ ಸೇರಿ ರಸ್ತೆಯನ್ನು ಬಿಗಿಯುತ್ತಿದ್ದಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್ಪನು ಗಾಳಿ ತುಂಬಿದ ರಬ್ಬರು ಟೈರನ್ನು ಪ್ರಚಾರಕ್ಕೆ ತಂದನು. ಮುಂದೆ ಅದೇ ಟೈರನ್ನು ತೊಟ್ಟ ಮೋಟಾರುಗಳು ಕಲ್ಲನ್ನು ಅರೆಯಲಿಲ್ಲ. ಸಂದಿನಲ್ಲಿದ್ದ ಪುಡಿಯನ್ನೂ ಎಳೆದು ಗಾಳಿಗೆ ತೂರಿದುವು. ಈ ಧೂಳಿನ ಕಾಟವನ್ನಡಗಿಸಲು 1902ರಲ್ಲಿ ಮೊನಾಕೋದಲ್ಲಿ ಗುಗ್ಲಿಯೆಲ್ಮಿನೆಟ್ಟಿ ಎಂಬ ವೈದ್ಯನು ರಸ್ತೆಗೆ ಟಾರು ಬಳಿಸಿದನು. ದನಕರುಗಳ ವೈದ್ಯನು ತಂದ ತೊಂದರೆಗೆ ಮನುಷ್ಯರ ವೈದ್ಯನು ಮದ್ದು ಕೊಟ್ಟನೆಂದು ನಗೆಯಾಡಬಹುದು. ಆದರೆ ಮದ್ದಿನಿಂದಲೇ ಹೊಸ ರೋಗವೊಂದು ಹುಟ್ಟಿತು. ಇಂಥ ನುಣ್ಣನೆಯ ರಸ್ತೆಗಳಲ್ಲಿ ಧೂಳೇನೋ ಅಡಗಿತು. ಮಳೆ ಬಿದ್ದೊಡನೆ ಗಾಡಿಗಳು ಜಾರತೊಡಗಿದುವು.

ಮೊದಲ ಟೈರುಗಳ ಮೈ ಬೋಳು. ಜಾರಿಕೆಯನ್ನು ತಡೆಯಲು ಕೆಲವರು ತೊಗಲಿನ ಹೊದಿಕೆಗೆ ಉಕ್ಕಿನ ಮೊಳೆಗಳನ್ನು ಜಡಿದರು. 1908ರಲ್ಲಿ ಅಮೆರಿಕದ ಹಾರ್ವೆ ಫೈರ್‌ಸ್ಟೋನನು ತನ್ನ ಹೆಸರನ್ನೂ ‘ಜಾರದು’ ಎಂಬರ್ಥದ ಮಾತನ್ನೂ ಉಬ್ಬಕ್ಷರಗಳಲ್ಲಿ ಟೈರಿನ ಮೇಲೆ ಅಚ್ಚೊತ್ತಿಸಿದನು. ಹಿಡಿತವೂ ಆಯಿತು, ಜಾಹೀರಾತೂ ಆಯಿತು. ಯಾವುದು ಮುಖ್ಯೋದ್ದೇಶವೆಂದು ಕೇಳುವುದು ಬೇಡ.

ಈ ಗೆರೆಗಳ ವಿಷಯದಲ್ಲಿ ಜನರಿಗೆ ಒಂದು ಭ್ರಮೆಯುಂಟು. ಒಣಗಿದ ಶುಭ್ರವಾದ ರಸ್ತೆಯಲ್ಲಿ ಬೋಳು ಟೈರೇ ಚೆನ್ನಾಗಿ ಹಿಡಿಯುತ್ತದೆ. ಪಂದ್ಯದ ಕಾರುಗಳು ಅದನ್ನೇ ತೊಡುವುದು ಇದಕ್ಕೆ ಸಾಕ್ಷಿ. ಗೆರೆಗಳಿರುವುದು ನೀರಿಗಾಗಿ. ರಬ್ಬರಿಗೂ ಕಲ್ಲಿಗೂ ನಡುವೆ ಸಿಕ್ಕಿದ ನೀರು ಹರಿದುಹೋಗಲು ಅವು ಕಾಲುವೆಗಳು. ಅಯೋವಾದ ರಾಲ್ಫ್ ಮೋಯರ್ ಎಂಬ ಪ್ರಾಧ್ಯಾಪಕನು 1934ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಒದ್ದೆಯಾದ ರಸ್ತೆಯ ಮೇಲೆ ವೇಗವು ಹೆಚ್ಚಿದಂತೆ ಹಿಡಿತವು ಕುಗ್ಗುವುದು ಅಳತೆಗೆ ಸಿಕ್ಕಿತು. ವೇಗ ಮಿತಿಮೀರಿದರೆ ನೀರಿಗೆ ಸರಿಯಲು ಹೊತ್ತೇ ಸಾಲದು. ಗಾಲಿ ನೀರಿನ ಮೇಲೆಯೇ ತೇಲುತ್ತದೆ, ಚುಕ್ಕಾಣಿಯೂ ಬ್ರೇಕೂ ವ್ಯರ್ಥ. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ವಿಮಾನದ ಗಾಲಿಗಳಿಂದ ಕಂಡುಕೊಂಡ ಸೂತ್ರದಂತೆ, ಚದರ ಅಂಗುಲಕ್ಕೆ 25 ಪೌಂಡು ಗಾಳಿಯೊತ್ತಡವಿರುವ ಸವೆದ ಟೈರು, ಆಳವಾದ ನೀರಿನಲ್ಲಿ ಗಂಟೆಗೆ ಸುಮಾರು 52 ಮೈಲಿ ವೇಗದಲ್ಲಿ ನೆಲವನ್ನು ಬಿಡುತ್ತದೆ.

ಗಾಲಿಯನ್ನೇ ದೂರಿದರೆ ಸಾಲದು. ಜಲ್ಲಿಯ ನಡುವಣ ತಗ್ಗುಗಳು ನೀರಿಗೆ ಎಡೆಗೊಡುತ್ತವೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಲ್ಲಿನ ಒರಟುತನವು ಉಳಿದ ನೀರಿನ ಪೊರೆಯನ್ನು ಸೀಳಿ ರಬ್ಬರನ್ನು ಮುಟ್ಟುತ್ತದೆ. ಸುಣ್ಣಕಲ್ಲು ಸಾಮಾನ್ಯವಾಗಿ ಗಾಲಿಗಳ ಉಜ್ಜಾಟದಿಂದ ಬೇಗನೆ ಹೊಳಪೇರಿ ಜಾರುತ್ತದೆ. ಒರಟು ಮರಳುಗಲ್ಲಿನಲ್ಲಿ ಸವೆದ ಕಣವು ಉದುರಿ, ಅದರಡಿಯ ಚೂಪಾದ ಹೊಸ ಕಣವು ಮೇಲಕ್ಕೆ ಬರುತ್ತದೆ. ಹೀಗೆ ಬಲವಾಗಿರುವ ಕಲ್ಲೆಲ್ಲ ರಸ್ತೆಯ ಮೇಲ್ಪದರಕ್ಕೆ ಯೋಗ್ಯವಲ್ಲವೆಂದು ತಿಳಿದ ಮೇಲೆ, ಕಲ್ಲಿನ ಚೂರುಗಳನ್ನು ತಿರುಗುವ ಗಾಲಿಗೆ ಕೂರಿಸಿ, ರಬ್ಬರು ಟೈರಿನಿಂದ ಗಂಟೆಗಟ್ಟಲೆ ಉಜ್ಜಿಸಿ, ಉಳಿದ ಹಿಡಿತವನ್ನು ಅಳೆದು ಕಲ್ಲನ್ನು ಆರಿಸುವ ಪದ್ಧತಿ ಬ್ರಿಟನ್ನಿನಲ್ಲಿ ರೂಢಿಗೆ ಬಂದಿತು.