ತಾಯಿಯೇ ಗುರುವಾದ ಏಳು ವರ್ಷಗಳು: ಪಂಡಿತಾ ರಮಾಬಾಯಿಯವರ ಮನೆಪಾಠ

ಪಂಡಿತಾ ರಮಾಬಾಯಿಯವರನ್ನು (1858-1922) ಕುರಿತ ಚರ್ಚೆಗಳು ಸಾಮಾನ್ಯವಾಗಿ 1878ರ ಕಲ್ಕತ್ತೆಯಿಂದ ಆರಂಭವಾಗುತ್ತವೆ. ಅಲ್ಲಿನ ವಿದ್ವಾಂಸರು ಇಪ್ಪತ್ತರ ಹರೆಯದ ಈ ತರುಣಿಯ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಆ ಬಳಿಕದ ಮತಾಂತರ, ಅದರಿಂದೆದ್ದ ವಿವಾದ, ಶಾರದಾ ಸದನದ ಸ್ಥಾಪನೆ ಇವೆಲ್ಲ ಇತಿಹಾಸಕಾರರ ಗಮನವನ್ನು ಸೆಳೆದಿವೆ. ಆದರೆ ಆ ಪರೀಕ್ಷೆಯನ್ನು ಎದುರಿಸಿದ ತರುಣಿ ಯಾವ ಶಾಲೆಯಲ್ಲಿಯೂ ಓದಿದವರಲ್ಲ. ಎಂಟನೆಯ ವಯಸ್ಸಿನಿಂದ ಹದಿನೈದರವರೆಗೆ, ಎಂದರೆ ಇಂದಿನ ಮಾಧ್ಯಮಿಕ ಹಂತವನ್ನೂ ಒಳಗೊಂಡ ಏಳು ವರ್ಷಗಳ ಕಾಲ, ಅವರಿಗೆ ಪಾಠ ಹೇಳಿದವರು ತಾಯಿ ಲಕ್ಷ್ಮೀಬಾಯಿ. ಮಕ್ಕಳಿಗೆ ಮನೆಯಲ್ಲಿಯೇ ಕಲಿಸುವ ವಿಚಾರ ಮತ್ತೆ ಕೇಳಿಬರುತ್ತಿರುವ ಈ ಹೊತ್ತಿನಲ್ಲಿ, ಆ ಏಳು ವರ್ಷಗಳು ಏನನ್ನು ಕೊಟ್ಟವು, ಏನನ್ನು ಕೊಡಲಿಲ್ಲ ಎಂಬುದು ವಿಚಾರಣೀಯವಾಗಿದೆ.

ಈ ವೃತ್ತಾಂತದ ಬೇರು ಕರ್ನಾಟಕದಲ್ಲಿದೆ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಪುಣೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆ ಎರಡನೆಯ ಬಾಜಿರಾಯನ ರಾಣಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ತಿಳಿದು, ತಾವೂ ಪತ್ನಿಗೆ ಕಲಿಸಬೇಕೆಂದು ಸಂಕಲ್ಪಿಸಿದರು. ಮೊದಲ ಪತ್ನಿಯ ವಿಷಯದಲ್ಲಿ ಅದು ಕೈಗೂಡಲಿಲ್ಲ. ಎರಡನೆಯ ಪತ್ನಿ ಲಕ್ಷ್ಮೀಬಾಯಿಗೆ ಪಾಠ ಆರಂಭಿಸಿದಾಗ ಆಕ್ಷೇಪಗಳೆದ್ದವು. ಉಡುಪಿಯ ಮಾಧ್ವ ವಿದ್ವಾಂಸರೆದುರು ನಿಂತು, ಸ್ತ್ರೀಯರು ಸಂಸ್ಕೃತವನ್ನೂ ಪುರಾಣಗಳನ್ನೂ ಓದುವುದು ಅಶಾಸ್ತ್ರೀಯವಲ್ಲವೆಂದು ಅವರು ಗ್ರಂಥಾಧಾರಗಳೊಡನೆ ಸಮರ್ಥಿಸಬೇಕಾಯಿತು. ವೇದಾಧ್ಯಯನ ಮಾತ್ರ ಈ ಸಮರ್ಥನೆಯ ಹೊರಗೇ ಉಳಿಯಿತು. ಬಳಿಕ ಅವರು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದ್ದು ಅಲ್ಲಿಯೇ. ಮಗು ಆರು ತಿಂಗಳಿನದಾಗಿದ್ದಾಗ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಮತ್ತೆಂದೂ ಒಂದೆಡೆ ಸ್ಥಿರವಾಗಿ ನೆಲೆಯೂರಲಿಲ್ಲ. ಆದ್ದರಿಂದ ನಾವು ಹೇಳುತ್ತಿರುವುದು ಮನೆಯೇ ಇಲ್ಲದವರ ಮನೆಪಾಠ.

ತಂದೆಗೆ ವಯಸ್ಸಾಗಿದ್ದುದರಿಂದ ಕಿರಿಯ ಮಗಳ ಪಾಠ ತಾಯಿಯ ಪಾಲಿಗೆ ಬಂದಿತು. ಹಗಲೆಲ್ಲ ಅಡುಗೆ, ನೀರು, ಪ್ರಯಾಣ. ಬಿಡುವು ದೊರೆಯುತ್ತಿದ್ದುದು ಬೆಳಗಾಗುವ ಮುನ್ನ. ನಿದ್ದೆಗಣ್ಣಿನ ಮಗಳನ್ನು ಮುದ್ದಿನಿಂದ ಎಬ್ಬಿಸಿ ತಾಯಿ ಪಾಠ ಹೇಳುತ್ತಿದ್ದರು. ಮಗಳು ಕೇಳಿ ಒಪ್ಪಿಸುತ್ತಿದ್ದರು. ಅಮರಕೋಶ, ವ್ಯಾಕರಣ, ಭಾಗವತ ಹೀಗೆ ಕಂಠಸ್ಥವಾದವು. ಕಲಿತದ್ದು ಕಂಠದಲ್ಲಿಯೇ ಉಳಿಯುವಂತಿರಲಿಲ್ಲ. ದೇವಾಲಯಗಳಲ್ಲಿ, ನದೀತೀರಗಳಲ್ಲಿ ಕುಟುಂಬದವರು ಪುರಾಣಪಠನ ಮಾಡುತ್ತಿದ್ದರು. ಕೇಳುಗರ ಕಾಣಿಕೆಯೇ ಅವರ ಜೀವನಾಧಾರ. ಸಭೆಯೆದುರು ಓದುವವರಿಗೆ ಉಚ್ಚಾರಣೆಯ ಶುದ್ಧಿ, ಪದವಿಭಾಗದ ಅರಿವು ಅನಿವಾರ್ಯ. ನಮ್ಮ ಗಮಕ ಪರಂಪರೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರಾಠಿಯನ್ನು ಅವರು ತಂದೆತಾಯಿಯರ ಮಾತಿನಿಂದ ಕಲಿತರು. ಕನ್ನಡ, ಹಿಂದೂಸ್ತಾನಿ, ಬಂಗಾಳಿ ಭಾಷೆಗಳನ್ನು ಸಂಚಾರದಲ್ಲಿಯೇ ಗ್ರಹಿಸಿದರು. ಹೆಚ್ಚಿನ ನೆರವಿಲ್ಲದೆ ತಾನೇ ಮುಂದೆ ಕಲಿಯಬಲ್ಲಂತೆ ತಾಯಿ ತನ್ನ ಬುದ್ಧಿಯನ್ನು ಹದಗೊಳಿಸಿದರೆಂದು ರಮಾಬಾಯಿ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಕಂಠಪಾಠವೆಂದರೆ ಬರಿಯ ಗಿಳಿಪಾಠವೆಂದು ತೀರ್ಮಾನಿಸುವವರು ಗಮನಿಸಬೇಕಾದ ಮಾತಿದು.

ಆದರೆ ಈ ಶಿಕ್ಷಣಕ್ಕೆ ಇನ್ನೊಂದು ಮುಖವಿತ್ತು. ಲೌಕಿಕ ವಿದ್ಯೆಯ, ಹೊರಗಿನ ಸಮಾಜದ ಸೋಂಕು ಮಕ್ಕಳಿಗೆ ತಗಲಬಾರದೆಂಬುದು ತಂದೆತಾಯಿಯರ ನಿಲುವು. ಕ್ಷಾಮ ಬಂದು ಕಾಣಿಕೆ ನಿಂತಾಗ ಇದರ ಪರಿಣಾಮ ಘೋರವಾಯಿತು. ಕೂಲಿ ಮಾಡಲು ತಿಳಿಯದು, ಭಿಕ್ಷೆ ಬೇಡಲು ಅಭಿಮಾನ ಬಿಡದು. 1874ರಲ್ಲಿ ತಂದೆ, ಅನಂತರ ಸ್ವಲ್ಪ ಕಾಲದಲ್ಲಿಯೇ ತಾಯಿ, ಮರುವರ್ಷ ಅಕ್ಕ ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸ ಮತ್ತು ರಮಾಬಾಯಿ ಕಾಲ್ನಡಿಗೆಯಲ್ಲಿ ದೇಶ ಸುತ್ತುತ್ತ ಕಲ್ಕತ್ತೆಯನ್ನು ಸೇರಿದರು. ಸಾವಿರಾರು ಶ್ಲೋಕಗಳನ್ನು ಬಲ್ಲವರಿಗೆ ಒಂದು ಹೊತ್ತಿನ ಊಟ ಗಳಿಸುವ ವಿದ್ಯೆ ತಿಳಿದಿರಲಿಲ್ಲ.

ಈ ಎರಡೂ ಮುಖಗಳು ರಮಾಬಾಯಿಯವರ ಮುಂದಿನ ಜೀವನದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಕಲ್ಕತ್ತೆಯಲ್ಲಿ ಕೇಶವಚಂದ್ರ ಸೇನರು ವೇದಗ್ರಂಥವೊಂದನ್ನು ಕೊಟ್ಟು ಓದಲು ಪ್ರೇರೇಪಿಸಿದಾಗ, ತಂದೆಯೂ ದಾಟದ ಗೆರೆಯನ್ನು ಅವರು ದಾಟಿದರು. ದಾಟಲು ಬೇಕಾದ ಭಾಷಾಜ್ಞಾನ ಮಾತ್ರ ತಾಯಿ ಕೊಟ್ಟದ್ದೇ. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದಾಗ ಸ್ತ್ರೀಯರಿಗೆ ಶಿಕ್ಷಕವೃತ್ತಿ, ವೈದ್ಯವೃತ್ತಿಗಳ ತರಬೇತಿ ದೊರೆಯಬೇಕೆಂದು ಆಗ್ರಹಿಸಿದರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮುಂದೆ ಕೇಡಗಾಂವದ ಮುಕ್ತಿ ಆಶ್ರಮದಲ್ಲಿ ಅಕ್ಷರದ ಜೊತೆಗೆ ನೇಯ್ಗೆ, ಮುದ್ರಣ ಮೊದಲಾದ ಕಸುಬುಗಳನ್ನೂ ಕಲಿಸಲಾಯಿತು. ಕ್ಷಾಮದಲ್ಲಿ ನಿರುಪಾಯರಾಗಿ ನಿಂತವರೇ ಕಟ್ಟಿದ ಶಾಲೆಯಲ್ಲಿ ಕೈಕೆಲಸ ಪಾಠದ ಭಾಗವಾದುದನ್ನು ಆಕಸ್ಮಿಕವೆನ್ನಲಾಗದು.

ಅನಂತಶಾಸ್ತ್ರಿಗಳ ಉಡುಪಿಯ ವಾದಕ್ಕೆ ಚರಿತ್ರೆಯಲ್ಲಿ ಸ್ಥಾನ ದೊರೆತಿದೆ. ಲಕ್ಷ್ಮೀಬಾಯಿಯವರ ನಸುಕಿನ ಪಾಠವನ್ನು ನಾವು ಅರಿಯುವುದು ಮಗಳ ನೆನಪಿನ ಮೂಲಕ. 1887ರಲ್ಲಿ ಪ್ರಕಟವಾದ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಕೃತಿಯನ್ನು ರಮಾಬಾಯಿ ತಾಯಿಯ ಸ್ಮೃತಿಗೆ ಅರ್ಪಿಸಿ, ಆಕೆಯ ಬೋಧನೆಯೇ ತಮ್ಮ ಬಾಳಿನ ಬೆಳಕೆಂದು ಸ್ಮರಿಸಿದರು. ಹತ್ತೊಂಬತ್ತನೆಯ ಶತಮಾನದ ಸ್ತ್ರೀಶಿಕ್ಷಣವನ್ನು ಶಾಲೆಗಳ ಸ್ಥಾಪನೆಯ ವರ್ಷಗಳಿಂದಷ್ಟೇ ಲೆಕ್ಕ ಹಾಕುವ ಸಂಶೋಧಕರು ಇಂತಹ ಅರ್ಪಣೆಯ ಪುಟಗಳನ್ನೂ ಆಕರವೆಂದೇ ಓದಬೇಕಾಗಿದೆ.