ಕ್ಷಾಮಕಾಲದಲ್ಲಿ ತೆರೆದ ವಿದ್ಯಾಲಯ

2022ರಿಂದ ಗಾಲ್ವೇ ವಿಶ್ವವಿದ್ಯಾಲಯವೆಂಬ ಹೆಸರು ಪಡೆದಿರುವ ಪಶ್ಚಿಮ ಐರ್ಲೆಂಡಿನ ಈ ಸಂಸ್ಥೆ 1845ರಲ್ಲಿ ಬೆಲ್‌ಫಾಸ್ಟ್, ಕಾರ್ಕ್ ಕಾಲೇಜುಗಳೊಂದಿಗೆ ಕ್ವೀನ್ಸ್ ಕಾಲೇಜಾಗಿ ಸ್ಥಾಪಿತವಾಯಿತು. ಅದೇ ವರ್ಷ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ತಲೆದೋರಿತು. ಸುಮಾರು 10 ಲಕ್ಷ ಜನ ಅಸುನೀಗಿದರು. ಆ ಸಂಕಟದ ನಡುವೆಯೇ 1849ರಲ್ಲಿ 68 ವಿದ್ಯಾರ್ಥಿಗಳೊಂದಿಗೆ ತರಗತಿಗಳು ಆರಂಭವಾದವು. ಕಲೆ, ಕಾನೂನುಗಳ ಜೊತೆಗೆ ವೈದ್ಯಶಾಸ್ತ್ರವೂ ಮೊದಲಿನಿಂದಲೇ ಇತ್ತೆಂಬುದು ವೈದ್ಯವೃತ್ತಿಯಲ್ಲಿರುವ ನಮಗೆ ಸಂತಸದ ಸಂಗತಿ.

ಕ್ಷಾಮವು ಐರಿಷ್ ಭಾಷೆಯನ್ನೂ ಕುಗ್ಗಿಸಿತು: ಮಡಿದವರಲ್ಲಿಯೂ ವಲಸೆ ಹೋದವರಲ್ಲಿಯೂ ಆ ನುಡಿಯನ್ನಾಡುವವರು ಬಹಳ ಮಂದಿಯಿದ್ದರು. ಸ್ವಾತಂತ್ರ್ಯಾನಂತರ, 1929ರ ಕಾಯಿದೆಯು ಐರಿಷ್ ಮಾಧ್ಯಮದ ಬೋಧನೆಯ ವಿಶೇಷ ಹೊಣೆಯನ್ನು ಈ ಕಾಲೇಜಿಗೆ ವಹಿಸಿತು.

ಇಲ್ಲಿ ಮೈಸೂರು ನೆನಪಾಗದಿರದು. 1916ರಲ್ಲಿ ಸ್ಥಾಪನೆಗೊಂಡ ಆ ವಿಶ್ವವಿದ್ಯಾಲಯಕ್ಕೆ 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದ ಕುವೆಂಪು ಅವರು ಉನ್ನತ ಶಿಕ್ಷಣಕ್ಕೂ ಕನ್ನಡವೇ ಮಾಧ್ಯಮವಾಗಬೇಕೆಂದು ಪ್ರತಿಪಾದಿಸಿದರು.

ಆದರೂ ಐರಿಷ್ ಇಂದು ದಿನಬಳಕೆಯ ನುಡಿಯಾಗಿ ಉಳಿದಿರುವುದು ಮುಖ್ಯವಾಗಿ ಗೇಲ್‌ಟಾಕ್ಟ್ ಪ್ರದೇಶಗಳ ಮನೆಗಳಲ್ಲಿ. ಕಾಯಿದೆಯೂ ಕಾಲೇಜೂ ಭಾಷೆಗೆ ಆಸರೆಯಾಗಬಲ್ಲವು. ಅದನ್ನು ಬದುಕಿಸುವುದು ಮನೆಮಾತು. ಈ ನಾಡಿನಲ್ಲಿ ನೆಲೆಸಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಾದ ನಾವು ಈ ಮಾತನ್ನು ಮರೆಯಬಾರದು.